ರುಡಾಲ್ಫ್ ನುರೆಯೆವ್: ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಲೆ ನೋಡುವ ರುಚಿ ಹತ್ತಿದವರು, ಭರತನಾಟ್ಯ ಕಲಿತವರು, ಮಗನನ್ನು ಬ್ಯಾಲೆ ಕ್ಲಾಸಿಗೆ ಸೇರಿಸಿದ ಅಪ್ಪ ಅಮ್ಮಂದಿರು ಮಾತಿನ ನಡುವೆಯೋ ಪತ್ರದಲ್ಲೋ ಕೇಳುತ್ತ ಬಂದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಸುಲಭದ್ದು ಮೊದಲು, ಕಸುಬಿನ ಒಳಗಿನದು ಆಮೇಲೆ.

## ಪರಿಚಯಕ್ಕೆ

ಈ ನುರೆಯೆವ್ ಯಾರು? ಎರಡು ಮಾತಲ್ಲಿ ಹೇಳಿ.

ಇಪ್ಪತ್ತನೆಯ ಶತಮಾನದಲ್ಲಿ ಅತಿ ಹೆಚ್ಚು ಹೆಸರು ಮಾಡಿದ ಗಂಡು ಬ್ಯಾಲೆ ನರ್ತಕರಲ್ಲಿ ಒಬ್ಬರು. 1938ರ ಮಾರ್ಚ್ 17ರಂದು ಸೈಬೀರಿಯಾದ ಇರ್ಕುಟ್ಸ್ಕ್ ಹತ್ತಿರ, ಓಡುವ ರೈಲಿನಲ್ಲಿ ಹುಟ್ಟಿದರು. ಬೆಳೆದದ್ದು ಉಫಾ ಎಂಬ ಊರಿನ ಬಡ ತಾತಾರ್ ಮನೆಯಲ್ಲಿ. ಲೆನಿನ್‌ಗ್ರಾದ್‌ನ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಕಿರೋವ್ ಬ್ಯಾಲೆ ತಂಡದಲ್ಲಿ ಮೂರು ವರ್ಷ ಕುಣಿದು 1961ರಲ್ಲಿ ಪ್ಯಾರಿಸ್‌ನಲ್ಲಿ ಉಳಿದುಬಿಟ್ಟರು. ಲಂಡನ್ನಿನ ರಾಯಲ್ ಬ್ಯಾಲೆಯಲ್ಲಿ ಮೆರೆದು, 1983ರಿಂದ 1989ರವರೆಗೆ ಪ್ಯಾರಿಸ್ ಒಪೆರಾ ಬ್ಯಾಲೆ ನಡೆಸಿ, 1993ರ ಜನವರಿ 6ರಂದು 54ನೇ ವಯಸ್ಸಿನಲ್ಲಿ ತೀರಿಕೊಂಡರು.

ನಮ್ಮೂರಲ್ಲಿ ನೃತ್ಯರೂಪಕಕ್ಕೂ ಬ್ಯಾಲೆ ಅಂತಾರಲ್ಲ, ಅದೇನಾ ಇದು?

ಅಲ್ಲ. ಶಾಲೆಯ ವಾರ್ಷಿಕೋತ್ಸವದ ‘ರಾಮಾಯಣ ಬ್ಯಾಲೆ’ಯಲ್ಲಿ ಆ ಪದಕ್ಕೆ ‘ಹಲವರು ಸೇರಿ ಕುಣಿದು ಹೇಳುವ ಕಥೆ’ ಎಂದಷ್ಟೇ ಅರ್ಥ. ನುರೆಯೆವ್ ಕಲಿತದ್ದು ಫ್ರಾನ್ಸಿನ ಅರಮನೆಯಲ್ಲಿ ರೂಪುಗೊಂಡು ರಷ್ಯಾದಲ್ಲಿ ಗಟ್ಟಿಯಾದ ಪದ್ಧತಿ. ಅದರ ಹೆಜ್ಜೆಗಳ ಹೆಸರು ಇವತ್ತಿಗೂ ಎಲ್ಲ ದೇಶಗಳಲ್ಲೂ ಫ್ರೆಂಚೇ: ಪ್ಲಿಯೆ, ರೆಲೆವೆ, ಪಿರುವೆಟ್.

ಭರತನಾಟ್ಯ ಕಲಿತವರಿಗೆ ಒಂದು ಗುರುತು ಸಿಗುತ್ತದೆ. ಅರಮಂಡಿಯಲ್ಲೂ ಪ್ಲಿಯೆಯಲ್ಲೂ ತೊಡೆ ಹೊರಕ್ಕೆ ತಿರುಗಿ ಮಂಡಿ ಮಡಿಯುತ್ತದೆ. ಅರಮಂಡಿಯಲ್ಲಿ ಕೂತಲ್ಲೇ ಕೂತು ನೆಲ ತಟ್ಟುತ್ತೇವೆ. ಪ್ಲಿಯೆ ಮೇಲೇಳುವುದಕ್ಕೆ ಒತ್ತಿ ಹಿಡಿದ ಸ್ಪ್ರಿಂಗು.

ಬ್ಯಾಲೆ ಹೆಣ್ಣುಮಕ್ಕಳದ್ದಲ್ವಾ? ಗಂಡಸರು ಎತ್ತಿ ಇಳಿಸೋದಷ್ಟೇ ತಾನೆ?

19ನೇ ಶತಮಾನದ ಕೊನೆಗೆ ಪಶ್ಚಿಮ ಯುರೋಪಿನಲ್ಲಿ ಹೆಚ್ಚುಕಡಿಮೆ ಹಾಗೇ ಆಗಿತ್ತು. ಪ್ಯಾರಿಸ್‌ನಲ್ಲಂತೂ ಗಂಡು ಪಾತ್ರವನ್ನೂ ಹೆಂಗಸರೇ ಮಾಡುತ್ತಿದ್ದ ಕಾಲವಿತ್ತು. ರಷ್ಯಾದಲ್ಲಿ ಗಂಡಸರ ತರಬೇತಿ ಬಿಡಲಿಲ್ಲ. ಅಲ್ಲಿಂದ ಬಂದ ವಾಸ್ಲಾವ್ ನಿಜಿನ್‌ಸ್ಕಿ 1909ರಲ್ಲಿ ಪ್ಯಾರಿಸ್‌ನವರ ಕಣ್ಣು ತೆರೆಸಿದರು. ಐವತ್ತು ವರ್ಷಗಳ ನಂತರ ನುರೆಯೆವ್ ಅದನ್ನೇ ಇನ್ನೂ ಜೋರಾಗಿ ಮಾಡಿದರು. ಗಂಡು ನರ್ತಕನ ಪಾಲಿಗೆ ಬರುವುದು ದೊಡ್ಡ ಜಿಗಿತ, ಗಾಳಿಯಲ್ಲಿ ಸುತ್ತು, ಒಂಟಿ ಕಾಲಿನ ಗಿರಕಿ; ಜೊತೆಗೆ ಹೆಣ್ಣನ್ನು ಹಿಡಿಯುವ ಕೆಲಸ. ಎರಡೂ ಒಂದೇ ರಾತ್ರಿ.

ಅವರೂ ಬೆರಳ ತುದಿಯ ಮೇಲೆ ನಿಲ್ತಿದ್ದರಾ?

ಇಲ್ಲ. ಗಟ್ಟಿ ಮೂತಿಯ ಶೂ ಹೆಂಗಸರದ್ದು. ಗಂಡಸರದ್ದು ಚರ್ಮದ ಅಥವಾ ಕ್ಯಾನ್ವಾಸಿನ ಮೆತ್ತನೆ ಚಪ್ಪಲಿಯಂಥ ಶೂ, ಮೇಲೆ ಎಲಾಸ್ಟಿಕ್ ಪಟ್ಟಿ. ಏಳುವುದು ಮುಂಗಾಲಿನ ಮೇಲೆ ಮಾತ್ರ. ಬಿಗಿ ಪೈಜಾಮದಂಥ ಟೈಟ್ಸ್ ಒಳಗೆ ಡಾನ್ಸ್ ಬೆಲ್ಟ್ ಎಂಬ ಗಟ್ಟಿ ಲಂಗೋಟಿ ಕಡ್ಡಾಯ. ಜಾರದಿರಲೆಂದು ವೇದಿಕೆಯ ಪಕ್ಕದ ಡಬ್ಬಿಯಲ್ಲಿ ರಾಳದ ಪುಡಿ ಇರುತ್ತದೆ. ಅದು ಹೆಚ್ಚಾದರೆ ಗಿರಕಿಯ ನಡುವೆ ಪಾದ ಕಚ್ಚಿಕೊಂಡು ಮಂಡಿ ತಿರುಚುತ್ತದೆ.

ಹದಿನೇಳಕ್ಕೆ ಶುರು ಮಾಡಿದರಂತೆ. ಹಾಗಾದ್ರೆ ನನ್ನ ಹನ್ನೆರಡು ವರ್ಷದ ಮಗನಿಗೆ ಇನ್ನೂ ಟೈಮಿದೆ ಅಲ್ವಾ?

ಟೈಮಿದೆ. ಆದರೆ ನುರೆಯೆವ್ ಹೆಸರು ಹೇಳಿಕೊಂಡು ಅಲ್ಲ. ಹದಿನೇಳರಲ್ಲಿ ಅವರು ಸೇರಿದ್ದು ಲೆನಿನ್‌ಗ್ರಾದ್‌ನ ದೊಡ್ಡ ಶಾಲೆಗೆ. ಅದಕ್ಕೂ ಮುಂಚೆ ಉಫಾದಲ್ಲಿ ಜನಪದ ಕುಣಿತ, ಆಮೇಲೆ ಆನ್ನಾ ಉದೆಲ್ತ್ಸೊವಾ ಮತ್ತು ಯೆಲೆನಾ ವೈತೊವಿಚ್ ಎಂಬ ಇಬ್ಬರು ಶಿಕ್ಷಕಿಯರ ಬಳಿ ಪಾಠ, ಊರಿನ ಒಪೆರಾದಲ್ಲಿ ಗುಂಪಿನ ಸಣ್ಣಪುಟ್ಟ ಪಾತ್ರ, ಎಲ್ಲ ಆಗಿತ್ತು. ಹುಚ್ಚು ಹತ್ತಿದ್ದು ಅದಕ್ಕೂ ಮೊದಲು: ಯುದ್ಧಕಾಲದ ಒಂದು ಹೊಸವರ್ಷದ ಹಿಂದಿನ ರಾತ್ರಿ ತಾಯಿ ಫರೀದಾ ಒಂದೇ ಟಿಕೆಟ್ಟಿನಲ್ಲಿ ಮಕ್ಕಳನ್ನೆಲ್ಲ ಉಫಾದ ರಂಗಮಂದಿರದೊಳಗೆ ನುಗ್ಗಿಸಿ ಬ್ಯಾಲೆ ತೋರಿಸಿದ್ದರು.

ಈಗ ನಿಮ್ಮ ಮಗನ ಮಾತು. ರಷ್ಯಾದ ಶಾಲೆಗಳು ಹತ್ತರ ಆಸುಪಾಸಿನಲ್ಲಿ ಸೇರಿಸಿಕೊಳ್ಳುತ್ತವೆ. ಸ್ವಿಟ್ಜರ್ಲೆಂಡಿನ ಪ್ರಿ ದ ಲೋಜಾನ್ ಸ್ಪರ್ಧೆ 15ರಿಂದ 18ರವರಿಗೆ. ಹಾಗಾಗಿ ಹನ್ನೆರಡರ ಹುಡುಗ ಓಟ ಬಿಟ್ಟವನಲ್ಲ. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಒಂದೂವರೆ ಗಂಟೆ ಶಿಸ್ತಿನ ಕ್ಲಾಸ್ ಬೇಕು. ಹನ್ನೆರಡರಿಂದ ಹದಿನೈದರೊಳಗೆ ಹುಡುಗ ಸರ್ರನೆ ಉದ್ದವಾಗುತ್ತಾನೆ. ಮೂಳೆ ಬೆಳೆದಷ್ಟು ಬೇಗ ಸ್ನಾಯು ಉದ್ದವಾಗುವುದಿಲ್ಲ. ನಿನ್ನೆ ಬಾಗುತ್ತಿದ್ದವನು ಇವತ್ತು ಬಾಗುವುದಿಲ್ಲ, ಹಿಮ್ಮಡಿಯೂ ಮಂಡಿಚಿಪ್ಪಿನ ಕೆಳಗಿನ ಗಂಟೂ ನೋಯುತ್ತವೆ. ಆಗ ಜಿಗಿತ ಕಡಿಮೆ ಮಾಡಬೇಕೇ ಹೊರತು ಕ್ಲಾಸ್ ಬಿಡಿಸಬಾರದು. ಪಾದ ಹೊರಕ್ಕೆ ತಿರುಗಬೇಕಾದದ್ದು ಸೊಂಟದ ಕೀಲಿನಿಂದ. ಪಾದ ಮಾತ್ರ ತಿರುಚಿ ತೋರಿಸುತ್ತಿದ್ದರೆ ಅಂಗಾಲಿನ ಕಮಾನು ಕುಸಿದಿರುತ್ತದೆ. ಹಿಂದೆ ನಿಂತು ನೋಡಿದರೆ ಹಿಮ್ಮಡಿ ಒಳಕ್ಕೆ ವಾಲಿದ್ದು ಕಾಣುತ್ತದೆ. ಇದನ್ನು ತಿದ್ದದ ಮೇಷ್ಟ್ರಾದರೆ ಬೇರೆಯವರನ್ನು ಹುಡುಕಿ.

## ವೃತ್ತಿಯ ಬಗ್ಗೆ

ಮೂರೇ ವರ್ಷ ಓದಿ ನೇರ ಕಿರೋವ್‌ಗೆ ಹೇಗೆ ಹೋದರು?

1955ರಲ್ಲಿ ಶಾಲೆ ಸೇರಿದಾಗ ಪರೀಕ್ಷೆ ಮಾಡಿದ ಶಿಕ್ಷಕಿ, ನೀನು ಒಂದೋ ದೊಡ್ಡ ನರ್ತಕನಾಗುತ್ತೀಯ, ಇಲ್ಲವೇ ಪೂರಾ ಸೋಲುತ್ತೀಯ, ಎರಡನೆಯದೇ ಆಗುವ ಹಾಗೆ ಕಾಣುತ್ತದೆ ಎಂಬರ್ಥದಲ್ಲಿ ಹೇಳಿದ್ದರು. ಮೊದಲು ಹಾಕಿದ ತರಗತಿ ಹಿಡಿಸದೆ, ಹುಡುಗ ಜಗಳವಾಡಿ ಅಲೆಕ್ಸಾಂಡರ್ ಪುಷ್ಕಿನ್ ಅವರ ತರಗತಿಗೆ ಹೋದ. ಇವರು ಕವಿ ಪುಷ್ಕಿನ್ ಅಲ್ಲ, ಬ್ಯಾಲೆ ಮೇಷ್ಟ್ರು. ಹೆಚ್ಚು ಮಾತಾಡುತ್ತಿರಲಿಲ್ಲ. ಒಂದು ಹೆಜ್ಜೆಯಿಂದ ಇನ್ನೊಂದು ತಾನಾಗಿ ಹುಟ್ಟುವಂತೆ ಹೆಜ್ಜೆಗಳನ್ನು ಪೋಣಿಸುತ್ತಿದ್ದರು. ತಪ್ಪು ಎಲ್ಲಿದೆ ಎಂದು ಮೈಗೇ ಗೊತ್ತಾಗುತ್ತಿತ್ತು. ಮುಂದೆ ಇನ್ನೊಬ್ಬ ಹೆಸರಾಂತ ನರ್ತಕ ಮಿಖಾಯಿಲ್ ಬರಿಶ್ನಿಕೊವ್ ಕಲಿತದ್ದೂ ಇವರ ಬಳಿಯೇ.

1958ರಲ್ಲಿ ಶಾಲೆ ಮುಗಿದಾಗ ಗುಂಪಿನ ಸಾಲಿನಲ್ಲಿ ನಿಲ್ಲದೆ ನೇರ ಸೋಲೊ ನರ್ತಕರಾಗಿ ಕಿರೋವ್ ಸೇರಿದರು. ಅಲ್ಲಿನ ಹಿರಿಯ ನರ್ತಕಿ ನತಾಲಿಯಾ ದುದಿನ್‌ಸ್ಕಾಯಾ ‘ಲೌರೆನ್ಸಿಯಾ’ದಲ್ಲಿ ತಮಗೆ ಜೋಡಿಯಾಗಿ ಇವರನ್ನೇ ಕರೆದರು. ಸ್ವಲ್ಪ ದಿನದಲ್ಲೇ ಕಾಲಿನ ಲಿಗಮೆಂಟ್ ಹರಿಯಿತು. ಪುಷ್ಕಿನ್ ದಂಪತಿ ಮನೆಗೇ ಕರೆದುಕೊಂಡು ಹೋಗಿ ಆರೈಕೆ ಮಾಡಿದರು.

ಪ್ಯಾರಿಸ್ ಏರ್‌ಪೋರ್ಟಿನಲ್ಲಿ ಬೇಲಿ ಹಾರಿ ಓಡಿಹೋದರು ಅಂತಾರಲ್ಲ, ನಿಜಾನಾ?

ಹಾರಿದ ಕಥೆ ಪತ್ರಿಕೆಗಳಿಗೆ ರುಚಿಸಿತು. ನಡೆದದ್ದು ಇಷ್ಟು. 1961ರ ಜೂನ್ 16ರಂದು ಲ ಬೂರ್ಜೆ ವಿಮಾನ ನಿಲ್ದಾಣದಲ್ಲಿ ತಂಡ ಲಂಡನ್ನಿಗೆ ಹೊರಟಿತ್ತು. ನುರೆಯೆವ್‌ಗೆ ಮಾತ್ರ, ನೀನು ಮಾಸ್ಕೋಗೆ ವಾಪಸ್, ಕ್ರೆಮ್ಲಿನ್‌ನಲ್ಲಿ ಕುಣಿಯಬೇಕು ಎಂದರು. ಪ್ಯಾರಿಸ್‌ನಲ್ಲಿ ವಿದೇಶಿಯರ ಜೊತೆ ತಿರುಗಾಡಿದ್ದಕ್ಕೆ ಇದು ಶಿಕ್ಷೆ, ಇನ್ನು ಗಡಿ ದಾಟಲು ಬಿಡುವುದಿಲ್ಲ ಎಂದು ಅವರಿಗೆ ಹೊಳೆಯಿತು. ಗೆಳತಿ ಕ್ಲಾರಾ ಸೈಂಟ್ ನಿಲ್ದಾಣದ ಫ್ರೆಂಚ್ ಪೊಲೀಸರಿಗೆ ವಿಷಯ ತಿಳಿಸಿದರು. ಅವನೇ ನಮ್ಮ ಬಳಿ ಬಂದು ಕೇಳಬೇಕು ಎಂದರು ಪೊಲೀಸರು. ನುರೆಯೆವ್ ಕೆಲವು ಹೆಜ್ಜೆ ಪೊಲೀಸರ ಕಡೆಗೆ ಹೋಗಿ ಆಶ್ರಯ ಕೇಳಿದರು, ಅಷ್ಟೇ. ಸೋವಿಯತ್ ಕೋರ್ಟು ಗೈರುಹಾಜರಿಯಲ್ಲೇ ಏಳು ವರ್ಷ ಶಿಕ್ಷೆ ಹಾಕಿತು. ತಾಯಿಯ ಮುಖ ಮತ್ತೆ ನೋಡಲು ಸಿಕ್ಕಿದ್ದು 1987ರಲ್ಲಿ. ಆಕೆ ಸಾವಿನ ಹಾಸಿಗೆಯಲ್ಲಿದ್ದರು.

ಮಾರ್ಗಾಟ್ ಫಾಂಟೇನ್ ಅವರಿಗಿಂತ ಅಷ್ಟು ದೊಡ್ಡವರು. ಜೋಡಿ ಹೇಗೆ ಒಪ್ಪಿತು?

1962ರ ಫೆಬ್ರವರಿ 21ರಂದು ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರದಲ್ಲಿ ‘ಜಿಸೆಲ್’ ಕುಣಿದಾಗ ಆಕೆಗೆ 42, ಇವರಿಗೆ 23. ರಾಯಲ್ ಬ್ಯಾಲೆಯ ತಾರೆಯಾಗಿದ್ದ ಆಕೆ ನಿವೃತ್ತಿಯ ಅಂಚಿನಲ್ಲಿದ್ದರು. ಇವರ ಬೆಂಕಿ ಆಕೆಗೆ ತಾಗಿತು ಎಂದು ಎಲ್ಲರೂ ಹೇಳುತ್ತಾರೆ. ಇನ್ನೊಂದು ಕಡೆ ಹೇಳುವವರು ಕಡಿಮೆ: ತಪ್ಪಿಲ್ಲದ ಅಳತೆ, ಸಂಗೀತದ ಮೇಲೆ ಹಿಡಿತ, ಪಾತ್ರದೊಳಗೆ ಸುಮ್ಮನೆ ನಿಲ್ಲುವುದು ಆಕೆಯ ಬಲ. ಅವಸರದಲ್ಲಿ ಕಲಿತ ಹುಡುಗನಿಗೆ ಬೇಕಿದ್ದದ್ದು ಅದೇ. ನೃತ್ಯ ಸಂಯೋಜಕ ಫ್ರೆಡರಿಕ್ ಆ್ಯಷ್ಟನ್ 1963ರಲ್ಲಿ ಲಿಸ್ಟ್‌ನ ಪಿಯಾನೊ ಸೊನಾಟಾಗೆ ‘ಮಾರ್ಗರೀಟ್ ಅಂಡ್ ಆರ್ಮಾಂಡ್’ ಕಟ್ಟಿದ್ದು ಇವರಿಬ್ಬರಿಗಾಗಿಯೇ. 1965ರಲ್ಲಿ ಕೆನೆತ್ ಮ್ಯಾಕ್‌ಮಿಲನ್ ತಮ್ಮ ‘ರೋಮಿಯೊ ಅಂಡ್ ಜೂಲಿಯೆಟ್’ ರಚಿಸಿದ್ದು ಲಿನ್ ಸೀಮೋರ್ ಮತ್ತು ಕ್ರಿಸ್ಟೊಫರ್ ಗೇಬಲ್ ಮೈಮೇಲೆ. ಮೊದಲ ಪ್ರದರ್ಶನ ಹೋದದ್ದು ಟಿಕೆಟ್ ಮಾರುವ ಈ ಜೋಡಿಗೆ. ಅದು ಅನ್ಯಾಯವೇ ಎಂದು ನಮ್ಮ ಅಭಿಪ್ರಾಯ.

89 ಸಲ ಪರದೆ ಎತ್ತಿಸಿದರು ಅನ್ನೋದು ಉತ್ಪ್ರೇಕ್ಷೆ ಅಲ್ವಾ?

ಅಲ್ಲ. 1964ರಲ್ಲಿ ವಿಯೆನ್ನಾದಲ್ಲಿ ‘ಸ್ವಾನ್ ಲೇಕ್’ ಮುಗಿದ ಮೇಲೆ ಈ ಜೋಡಿಯನ್ನು ಪ್ರೇಕ್ಷಕರು 89 ಸಲ ಕರೆದದ್ದು ಗಿನ್ನೆಸ್ ದಾಖಲೆ.

## ಕಸುಬಿನ ಒಳಗೆ

ಗಾಳಿಯಲ್ಲಿ ಎರಡು ಸುತ್ತು ಸುತ್ತಿ ಇಳೀತಾರಲ್ಲ, ಅದನ್ನ ಬಿಡಿಸಿ ಹೇಳ್ತೀರಾ?

ಅದಕ್ಕೆ ಡಬಲ್ ಟೂರ್ ಎನ್ನುತ್ತಾರೆ. ಗಂಡು ನರ್ತಕನಿಗೆ ಅದು ಅನ್ನ. ಮೊದಲು ಲೆಕ್ಕ: ಸೊಂಟ ಅರ್ಧ ಮೀಟರ್ ಮೇಲೇರಿದರೆ ಗಾಳಿಯಲ್ಲಿರುವ ಹೊತ್ತು ಸುಮಾರು 0.64 ಸೆಕೆಂಡ್. ಅಷ್ಟರಲ್ಲಿ ಎರಡು ಸುತ್ತು ಮುಗಿಸಬೇಕೆಂದರೆ ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸುತ್ತಿನ ವೇಗ ಬೇಕು. ಇಳಿಯುವ ಮುನ್ನ ತಿದ್ದಿಕೊಳ್ಳಲು ಪುರುಸೊತ್ತಿಲ್ಲ. ಸರಿಯೋ ತಪ್ಪೋ ನೆಲ ಬಿಡುವಾಗಲೇ ತೀರ್ಮಾನವಾಗಿರುತ್ತದೆ.

ನಿಲುವು ಐದನೆಯದು: ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗಿಕೊಂಡಿರಬೇಕು. ಎರಡೂ ಹಿಮ್ಮಡಿ ನೆಲಕ್ಕೆ ಊರಿ ಮಂಡಿ ಮಡಿಸುತ್ತಾರೆ. ಬಲಕ್ಕೆ ಸುತ್ತುವವರ ಬಲಗೈ ಎದೆಯ ಮುಂದೆ, ಎಡಗೈ ಪಕ್ಕಕ್ಕೆ ಚಾಚಿದೆ. ನೆಲ ಒದೆಯುವಾಗಲೇ ಎಡಗೈ ಬಲಗೈಯನ್ನು ಸೇರುತ್ತದೆ. ತೋಳು ಮೈಗೆ ಹತ್ತಿರ ಬಂದಷ್ಟೂ ಸುತ್ತು ಚುರುಕು. ಕಾಲುಗಳು ಒಂದೇ ಕೋಲಿನಂತೆ ಅಂಟಿರಬೇಕು. ತಲೆ ಮಾತ್ರ ತಡವಾಗಿ ತಿರುಗುತ್ತದೆ: ಕಣ್ಣು ಎದುರಿನ ಒಂದು ಬಿಂದುವಿನಲ್ಲಿ ನೆಟ್ಟಿದ್ದು, ಕತ್ತು ಇನ್ನು ತಾಳಲಾರದೆಂದಾಗ ಪಟಕ್ಕನೆ ತಿರುಗಿ ಅದೇ ಬಿಂದುವಿಗೆ ಮರಳುತ್ತದೆ. ಇಳಿಯುವಾಗ ಬೆರಳು, ಮುಂಗಾಲು, ಹಿಮ್ಮಡಿ ಈ ಕ್ರಮ. ಮಂಡಿ ಬೆರಳಿನ ನೇರಕ್ಕೇ ಮಡಿಯಬೇಕು.

ಕೆಡುವುದು ಎಲ್ಲಿ? ಹೆಚ್ಚಿನವರು ಸುತ್ತುವ ಆತುರದಲ್ಲಿ ಭುಜ ಮೊದಲು ತಿರುಗಿಸಿಬಿಡುತ್ತಾರೆ. ಅಕ್ಷ ವಾಲಿ ಒಂದೂಮುಕ್ಕಾಲು ಸುತ್ತಿಗೇ ನೆಲ ಬರುತ್ತದೆ. ಉಳಿದ ಕಾಲು ಸುತ್ತನ್ನು ನೆಲದ ಮೇಲೆ ಪಾದ ಉಜ್ಜಿ ಮುಗಿಸುತ್ತಾರೆ. ಆ ಉಜ್ಜಾಟ ಮಂಡಿಯ ಒಳಗಿನ ಮೆತ್ತೆಯನ್ನು ಹರಿಯುತ್ತದೆ. ಹಿಮ್ಮಡಿ ನೆಲಕ್ಕೆ ಮುಟ್ಟಿಸದೆ ಇಳಿಯುವವರಿಗೆ ಮಂಡಿಯ ಕೆಳಗಿನ ಕಾಲಿನ ಮುಂಭಾಗ ನೋಯುತ್ತದೆ, ಹಿಮ್ಮಡಿಯ ಮೇಲಿನ ಅಕಿಲಿಸ್ ನರ ಬಿಗಿಯುತ್ತದೆ. ಇನ್ನು ಪ್ಯಾರಿಸ್ ಒಪೆರಾದ ರಂಗಮಂದಿರವಾದ ಪಲೆ ಗಾರ್ನಿಯೆಯ ವೇದಿಕೆ ಪ್ರೇಕ್ಷಕರ ಕಡೆಗೆ ಶೇ 5ರಷ್ಟು ಇಳಿಜಾರು, ಅಂದರೆ ಮೀಟರಿಗೆ 5 ಸೆಂ.ಮೀ. ಸಪಾಟು ನೆಲದಲ್ಲಿ ಕಲಿತವರು ಅಲ್ಲಿ ಮೊದಲ ದಿನ ಮುಗ್ಗರಿಸುತ್ತಾರೆ.

ದೊಡ್ಡ ಜಿಗಿತದಲ್ಲಿ ಅವರು ಗಾಳಿಯಲ್ಲಿ ನಿಂತ ಹಾಗೆ ಕಾಣತ್ತೆ. ಏನು ಗುಟ್ಟು?

ಯಾರೂ ನಿಲ್ಲುವುದಿಲ್ಲ. ಎಸೆದ ಕಲ್ಲಿನ ದಾರಿಯೇ ಮೈಯ ದಾರಿ. ಆದರೆ ತುತ್ತತುದಿಯ ಹೊತ್ತಿಗೆ ಕಾಲು ಕೈ ಎರಡನ್ನೂ ಎತ್ತಿದರೆ ಭಾರದ ಕೇಂದ್ರ ಮೈಯೊಳಗೇ ಮೇಲೆ ಸರಿಯುತ್ತದೆ. ಆ ಕೇಂದ್ರ ಏರಿ ಇಳಿದರೂ ತಲೆ ಒಂದೇ ಮಟ್ಟದಲ್ಲಿ ತೇಲಿದಂತೆ ಕಾಣುತ್ತದೆ, ನಮ್ಮ ಕಣ್ಣು ನೋಡುವುದು ತಲೆಯನ್ನೇ. ಕಾಲು ಬೇಗ ತೆರೆದರೆ ಈ ಮೋಸ ನಡೆಯುವುದಿಲ್ಲ.

ಹೆಣ್ಣನ್ನು ಎತ್ತೋಕೆ ಜಿಮ್ ಮೈ ಬೇಕಾ?

ತೋಳಿನ ಬಲಕ್ಕಿಂತ ಸರಿಯಾದ ಹೊತ್ತು ಮುಖ್ಯ. ಇಬ್ಬರೂ ಒಟ್ಟಿಗೆ ಮಂಡಿ ಮಡಿಸಿ, ಆಕೆ ನೆಗೆದ ಕ್ಷಣವೇ ಆತ ಕಾಲಿನಿಂದ ಏಳಬೇಕು; ಆಗ 50 ಕಿಲೋ ತೂಕ ಅರ್ಧ ದಾರಿ ತಾನೇ ಬಂದಿರುತ್ತದೆ. ಆಕೆ ಆತನ ಮೈಗೆ ಹತ್ತಿರದಿಂದಲೇ ಮೇಲೇರಬೇಕು. ಒಂದು ಗೇಣು ಮುಂದೆ ಹೋದರೂ ಆ ತೂಕವೆಲ್ಲ ಸೊಂಟದ ಬೆನ್ನೆಲುಬಿನ ಮೇಲೆ ಬೀಳುತ್ತದೆ. ಗಂಡು ನರ್ತಕರ ಡಿಸ್ಕ್ ಜಾರುವುದು ಹೀಗೇ. ಆಕೆ ಗಿರಕಿ ಹೊಡೆಯುವಾಗ ಸೊಂಟ ಹಿಡಿದುಕೊಳ್ಳಬಾರದು. ಅಂಗೈ ಸೊಂಟಕ್ಕೆ ತಾಗಿಯೂ ತಾಗದಂತಿದ್ದು, ವಾಲಿದ ಕಡೆಯಿಂದ ಅಂಗೈ ಬುಡದಲ್ಲಿ ಮೆಲ್ಲಗೆ ಒತ್ತಿ ನೆಟ್ಟಗೆ ಮಾಡಬೇಕು. ಬಿಗಿಯಾಗಿ ಹಿಡಿದರೆ ಗಿರಕಿ ಸಾಯುತ್ತದೆ.

ಗಂಡಸರ ಬ್ಯಾಲೆಯನ್ನೇ ಬದಲಾಯಿಸಿದರು ಅಂತಾರೆ. ನಿರ್ದಿಷ್ಟವಾಗಿ ಏನು ಬದಲಾಯ್ತು?

ಮೊದಲನೆಯದು ಮುಂಗಾಲು. ಆಗಿನ ಗಂಡಸರು ಹಿಮ್ಮಡಿಯನ್ನು ಸ್ವಲ್ಪವೇ ಎತ್ತಿ ಗಿರಕಿ ಹೊಡೆಯುತ್ತಿದ್ದರು, ಮಡಿಸಿದ ಕಾಲಿನ ಬೆರಳು ಮೀನಖಂಡದ ಹತ್ತಿರ ಇರುತ್ತಿತ್ತು. ನುರೆಯೆವ್ ಹಿಮ್ಮಡಿಯನ್ನು ಹೆಂಗಸರಂತೆ ಪೂರ್ತಿ ಎತ್ತಿ, ಬೆರಳನ್ನು ಮಂಡಿಗೆ ಏರಿಸಿದರು. ಸುಮಾರು 173 ಸೆಂ.ಮೀ. ಎತ್ತರದ ಮನುಷ್ಯ, ಕಾಲು ಉದ್ದ ಕಾಣಬೇಕಿತ್ತು. ಹೆಣ್ಣು ಪಾತ್ರಗಳ ಹೆಜ್ಜೆಗಳನ್ನೂ ಕಲಿತಿದ್ದವರು, ಅಲ್ಲಿಂದಲೇ ಇದನ್ನು ಎತ್ತಿಕೊಂಡರು. ಇವತ್ತು ಎಲ್ಲ ಶಾಲೆಯಲ್ಲೂ ಹುಡುಗರಿಗೆ ಇದೇ ಪಾಠ.

ಎರಡನೆಯದು ನಿಧಾನದ ಸೋಲೊ. ರಾಜಕುಮಾರ ಬಂದು ಜಿಗಿದು ಹೋಗುವವನಾಗಿದ್ದ. ಲಂಡನ್ನಿನ ‘ಸ್ವಾನ್ ಲೇಕ್’ನಲ್ಲಿ ಮೊದಲ ಅಂಕದ ಕೊನೆಗೆ ಅವನಿಗೊಂದು ವಿಷಾದದ ಒಂಟಿ ನೃತ್ಯ ಸೇರಿಸಿದರು, ‘ಸ್ಲೀಪಿಂಗ್ ಬ್ಯೂಟಿ’ಯಲ್ಲಿ ಪಿಟೀಲು ಸೋಲೊದ ಮೇಲೆ ಹಲವು ನಿಮಿಷಗಳ ಅಂಥದೇ ಇನ್ನೊಂದು. ನೋಡಲು ಸುಲಭ, ಮಾಡಲು ಘೋರ. ಜಿಗಿತದಲ್ಲಿ ವೇಗ ತಪ್ಪನ್ನು ಮುಚ್ಚುತ್ತದೆ. ಒಂಟಿ ಕಾಲ ಮೇಲೆ ನಿಧಾನ ತಿರುಗುವಾಗ ಹರಡು ನಡುಗಿದ್ದು ಕೊನೆಯ ಸಾಲಿನವರಿಗೂ ಕಾಣುತ್ತದೆ. ಅವರ ರಚನೆಗಳಲ್ಲಿ ಸ್ವರಕ್ಕೊಂದು ಹೆಜ್ಜೆ, ಬಲಕ್ಕೆ ಮಾಡಿದ್ದನ್ನು ಎಡಕ್ಕೂ ಮಾಡಬೇಕು. ಕೆಲವು ಕಡೆ ಹೆಜ್ಜೆ ಅತಿಯಾಗಿ ಉಸಿರು ಕಟ್ಟುತ್ತದೆ ಎಂದು ಒಪ್ಪಿಕೊಳ್ಳಲೇಬೇಕು. ಸಣ್ಣ ಹೆಜ್ಜೆಯ ಅಚ್ಚುಕಟ್ಟು ಬಂದದ್ದು ಡೆನ್ಮಾರ್ಕಿನ ನರ್ತಕ ಎರಿಕ್ ಬ್ರೂನ್ ಅವರಿಂದ. 1961ರಲ್ಲಿ ಹುಡುಕಿಕೊಂಡು ಹೋಗಿ ಅವರ ಜೊತೆ ಅಭ್ಯಾಸ ಮಾಡಿದ್ದರು.

ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ? ರಜೆ ಇಲ್ವಾ?

ಎಷ್ಟೇ ದೊಡ್ಡ ನರ್ತಕನಾದರೂ ಬೆಳಗಿನ ಕ್ಲಾಸ್ ತಪ್ಪುವಂತಿಲ್ಲ. ಒಂದೂಕಾಲರಿಂದ ಒಂದೂವರೆ ಗಂಟೆ: ಮರದ ಕಂಬಿ ಹಿಡಿದು ಪ್ಲಿಯೆಯಿಂದ ಶುರು, ಆಮೇಲೆ ಕಂಬಿ ಬಿಟ್ಟು ಕೋಣೆಯ ನಡುವೆ ಗಿರಕಿ, ಕೊನೆಗೆ ಜಿಗಿತ. ನಂತರ ನಾಲ್ಕೈದು ಗಂಟೆ ತಾಲೀಮು, ಸಂಜೆ ಪ್ರದರ್ಶನ. ನುರೆಯೆವ್ ಒಳ್ಳೆಯ ಕಾಲದಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಪ್ರದರ್ಶನ ಕೊಟ್ಟವರು. ಪಕ್ಕದಲ್ಲಿ ಸಕ್ಕರೆ ಸುರಿದ ಬಿಸಿ ಚಹಾದ ಫ್ಲಾಸ್ಕ್, ಕಾಲಿಗೆ ಉಣ್ಣೆಯ ಹೊದಿಕೆ, ನೋಯುವ ಕಡೆ ಟೇಪು.

## ಇನ್ನೂ ಆಳಕ್ಕೆ

ಪ್ಯಾರಿಸ್ ಒಪೆರಾದಲ್ಲಿ ನಿರ್ದೇಶಕರಾಗಿ ಏನು ಮಾಡಿದರು?

ಅಲ್ಲಿ ಐದು ಮೆಟ್ಟಿಲು: ಕದ್ರಿಲ್, ಕೊರಿಫೆ, ಸುಜೆ, ಪ್ರೆಮಿಯೆ ಡಾನ್ಸರ್, ಎತ್ವಾಲ್. ಮೊದಲ ನಾಲ್ಕಕ್ಕೆ ತೀರ್ಪುಗಾರರ ಮುಂದೆ ಕುಣಿದು ಪರೀಕ್ಷೆ ಪಾಸಾಗಬೇಕಿತ್ತು. ‘ನಕ್ಷತ್ರ’ ಎಂಬರ್ಥದ ಎತ್ವಾಲ್ ಪಟ್ಟಕ್ಕೆ ಪರೀಕ್ಷೆಯಿಲ್ಲ, ನೇಮಕವೇ. ನುರೆಯೆವ್ ಸಾಲು ಕಾಯಿಸದೆ ಎಳೆಯರಿಗೆ ದೊಡ್ಡ ಪಾತ್ರ ಕೊಟ್ಟರು. ಸಿಲ್ವಿ ಗಿಯೆಮ್ 1984ರಲ್ಲಿ 19ನೇ ವಯಸ್ಸಿಗೇ ಎತ್ವಾಲ್ ಆದರು. ಹಿರಿಯರಿಗೆ ಸಿಟ್ಟು ಬಂತು, ಜಗಳಗಳಾದವು. ಅಮೆರಿಕದ ವಿಲಿಯಂ ಫೋರ್ಸೈತ್ ಅವರಿಂದ 1987ರಲ್ಲಿ ಹೊಸ ಕೃತಿ ಕಟ್ಟಿಸಿದರು; ಅದೀಗ ಲೋಕದ ತಂಡಗಳೆಲ್ಲ ಮಾಡುವ ‘ಇನ್ ದ ಮಿಡ್ಲ್, ಸಮ್‌ವಾಟ್ ಎಲಿವೇಟೆಡ್’.

‘ಲಾ ಬಯಾದೇರ್’ ನಮ್ಮ ದೇವದಾಸಿಯರ ಕಥೆ ಅಂತ ಕೇಳಿದೆ. ಅದರಲ್ಲಿ ನಮ್ಮದು ಎಷ್ಟಿದೆ?

ದೇವದಾಸಿ ಎಂಬ ಹೆಸರು, ವೇಷ, ಅಷ್ಟೇ. ನರ್ತಕಿ ಎಂಬರ್ಥದ ಪೋರ್ಚುಗೀಸ್ ಪದ ಫ್ರೆಂಚಿಗೆ ಹೋಗಿ ‘ಬಯಾದೇರ್’ ಆಗಿ ದೇವಾಲಯದ ನರ್ತಕಿಗೆ ಅಂಟಿಕೊಂಡಿತು. 1838ರಲ್ಲಿ ದಕ್ಷಿಣ ಭಾರತದ ದೇವದಾಸಿಯರ ಸಣ್ಣ ತಂಡವೊಂದು ಪ್ಯಾರಿಸ್‌ಗೆ ಹೋಗಿ ಕುಣಿದಿತ್ತು. ಅದನ್ನು ನೋಡಿ ಮರುಳಾಗಿ ಬರೆದ ಫ್ರೆಂಚ್ ಲೇಖಕ ತೆಯೊಫಿಲ್ ಗೋತಿಯೆ ಮುಂದೆ ‘ಜಿಸೆಲ್’ ಕಥೆಗೂ, ಕಾಳಿದಾಸನಿಂದ ತೆಗೆದ ‘ಸಕೂಂತಲಾ’ ಎಂಬ 1858ರ ಬ್ಯಾಲೆಗೂ ಕೈಹಾಕಿದವರು. ‘ಸಕೂಂತಲಾ’ಕ್ಕೆ ಹೆಜ್ಜೆ ಕಟ್ಟಿದ್ದು ಲೂಸಿಯಾಂ ಪೆತಿಪಾ, ಅವರ ತಮ್ಮ ಮಾರಿಯುಸ್ ಪೆತಿಪಾ 1877ರಲ್ಲಿ ಪೀಟರ್ಸ್‌ಬರ್ಗ್‌ನಲ್ಲಿ ‘ಬಯಾದೇರ್’ ಕಟ್ಟಿದರು. ದೇವದಾಸಿ ನಿಕಿಯಾ, ಅವಳ ಪ್ರೇಮಿ ಸೊಲೊರ್, ಅವಳ ಎದುರಾಳಿ ಗಮ್ಜಾತ್ತಿ: ಇಂಥ ಹೆಸರು ಯಾವ ಹಳ್ಳಿಯಲ್ಲೂ ಇಲ್ಲ. ಮಿಂಕುಸ್ ಸಂಗೀತದಲ್ಲಿ ರಾಗವಿಲ್ಲ, ವಾಲ್ಟ್ಜ್ ಇದೆ. ನಮ್ಮವರಿಗೆ ನಗು ಬಂದರೆ ತಪ್ಪಲ್ಲ.

ಆದರೂ ‘ನೆರಳುಗಳ ಲೋಕ’ ಬಂದಾಗ ನಗು ನಿಲ್ಲುತ್ತದೆ. ಸತ್ತ ನಿಕಿಯಾಳನ್ನು ಅಫೀಮಿನ ಮತ್ತಿನಲ್ಲಿ ಸೊಲೊರ್ ಕಾಣುತ್ತಾನೆ. ಇಳಿಜಾರಿನ ಮೇಲಿಂದ ಬಿಳಿಯುಟ್ಟ 32 ಹೆಂಗಸರು, ಒಬ್ಬರ ಹಿಂದೊಬ್ಬರು, ಅದೇ ಒಂದು ಬಾಗುವಿಕೆ, ಅದೇ ಎರಡು ಹೆಜ್ಜೆ ಮಾಡುತ್ತ ಇಳಿಯುತ್ತಾರೆ. ಒಬ್ಬಳ ಹರಡು ನಡುಗಿದರೆ ಇಡೀ ಸಾಲು ಕೆಟ್ಟಂತೆ.

1961ರ ಮೇನಲ್ಲಿ ಪ್ಯಾರಿಸ್ ನುರೆಯೆವ್ ಅವರನ್ನು ಮೊದಲು ಕಂಡದ್ದು ಪಲೆ ಗಾರ್ನಿಯೆಯಲ್ಲಿ ಇದೇ ದೃಶ್ಯದ ಸೊಲೊರ್ ಆಗಿ. 1992ರ ಅಕ್ಟೋಬರ್ 8ರಂದು ಅದೇ ವೇದಿಕೆಗೆ ಇಡೀ ‘ಬಯಾದೇರ್’ ಕಟ್ಟಿಕೊಟ್ಟರು. ಅಂದು ಇಸಬೆಲ್ ಗೆರಾಂ, ಲೊರಾಂ ಇಲೇರ್, ಎಲಿಜಬೆತ್ ಪ್ಲಾತೆಲ್ ಕುಣಿದರು. ನುರೆಯೆವ್ ಬಾಕ್ಸಿನಲ್ಲಿ ಒರಗಿ ನೋಡಿ, ಕೊನೆಗೆ ಇಬ್ಬರ ಆಸರೆಯಲ್ಲಿ ವೇದಿಕೆಗೆ ಬಂದರು. ಮೂರು ತಿಂಗಳಿಗೆ ತೀರಿಕೊಂಡರು.

ಕೊನೆಕೊನೆಗೆ ಕೆಟ್ಟದಾಗಿ ಕುಣಿದರು ಅಂತಾರೆ. ಯಾಕೆ ನಿಲ್ಲಿಸಲಿಲ್ಲ?

ಕುಣಿದದ್ದು ಕೆಟ್ಟದಾಗಿಯೇ. ಪ್ಯಾರಿಸ್ ಒಪೆರಾದಲ್ಲಿ ಈಗ ನಿವೃತ್ತಿ 42ಕ್ಕೆ. ಜಿಗಿತ, ಇಳಿತಕ್ಕೆ ಬೇಕಾದ ಸ್ನಾಯು ಅಷ್ಟರೊಳಗೆ ಸೋತಿರುತ್ತದೆ. ಇವರು 1989ರಲ್ಲಿ 51ನೇ ವಯಸ್ಸಿನಲ್ಲಿ ಲೆನಿನ್‌ಗ್ರಾದ್‌ಗೆ ಮರಳಿ ‘ಲಾ ಸಿಲ್ಫಿದ್’ ಕುಣಿದರು, ಸಣ್ಣ ಸಣ್ಣ ವೇಗದ ಹೆಜ್ಜೆಗಳಿಂದ ಕಾಲಿನ ರಕ್ತ ಹೀರುವ ಕೃತಿ. 1984ರಲ್ಲೇ ಎಚ್‌ಐವಿ ಸೋಂಕು ಗೊತ್ತಾಗಿತ್ತು. 1991ರ ಬ್ರಿಟನ್ ಪ್ರವಾಸದಲ್ಲಿ ಜನ ದುಡ್ಡು ವಾಪಸ್ ಕೇಳಿದರು. ದುಡ್ಡಿನಾಸೆ ಎಂದವರಿದ್ದಾರೆ. ತಡವಾಗಿ ಶುರು ಮಾಡಿದವನಿಗೆ ತನ್ನ ಪಾಲಿನ ವರ್ಷಗಳು ಇನ್ನೂ ಬಾಕಿ ಇವೆ ಎನ್ನಿಸಿರಬೇಕು ಎಂಬುದು ನಮ್ಮ ಊಹೆ. 1991ರಲ್ಲಿ ವಾದ್ಯವೃಂದ ನಿರ್ದೇಶನ ಹಿಡಿದು, ಮರುವರ್ಷ ನ್ಯೂಯಾರ್ಕಿನಲ್ಲಿ ‘ರೋಮಿಯೊ’ ನಡೆಸಿಕೊಟ್ಟರು.

ಯಾವುದರಿಂದ ನೋಡೋಕೆ ಶುರು ಮಾಡಲಿ?

1973ರ ‘ಡಾನ್ ಕಿಹೋಟೆ’ ಚಿತ್ರದಿಂದ. ಮೆಲ್ಬರ್ನ್‌ನ ವಿಮಾನದ ಶೆಡ್ಡಿನಲ್ಲಿ ಆಸ್ಟ್ರೇಲಿಯನ್ ಬ್ಯಾಲೆ ಜೊತೆ ತೆಗೆದದ್ದು. ಕಥೆ ತಿಳಿಯದಿದ್ದರೂ ನಡೆಯುತ್ತದೆ. ಆಮೇಲೆ 1966ರ ವಿಯೆನ್ನಾ ‘ಸ್ವಾನ್ ಲೇಕ್’, ಫಾಂಟೇನ್ ಜೊತೆ. ಕೊನೆಗೆ 1958ರಲ್ಲಿ ಅಲ್ಲಾ ಸಿಜೊವಾ ಜೊತೆಗಿನ ‘ಕೊರ್ಸೇರ್’ ತುಣುಕು. ಮೊದಲ ಸಲ ಮುಖ ನೋಡಿ, ಎರಡನೇ ಸಲ ಬರೀ ಹಿಮ್ಮಡಿ ನೋಡಿ: ಜಿಗಿತಕ್ಕೆ ಮುಂಚೆ ಅದು ನೆಲಕ್ಕೆ ಎಷ್ಟು ಹೊತ್ತು ಒತ್ತಿರುತ್ತದೆ, ಇಳಿದಾಗ ನೆಲ ಮುಟ್ಟುತ್ತದೋ ಇಲ್ಲವೋ.